ಮೂರನೆಯ ಡಬ್ಬಿಯ ಚಿಪ್

ವರದಾ ನದಿಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಆಶ್ರಮ ಎಂದೊಡನೆ ಕಾವಿ, ಜಪಮಣಿ, ಜಿಂಕೆಯ ಚರ್ಮ ಎಂದೆಲ್ಲ ಊಹಿಸಿಕೊಳ್ಳಬೇಡಿ. ಅಲ್ಲಿದ್ದದ್ದು ನಾಲ್ಕು ಕೋಣೆ, ಒಂದು ಅಂಗಳ, ಅಂಗಳದ ಆಚೆ ಬೆಸುಗೆಯ ವಾಸನೆ ಹೊಡೆಯುವ ಒಂದು ಕಾರ್ಯಾಗಾರ.

ಗುರುಗಳ ಹೆಸರು ಅಡಿವೆಯ್ಯ. ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ತಂತಿಯ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಇಲ್ಲಿ ಬಂದು ಕೂತವರು. ಪ್ರವಚನ ಹೇಳಲು ತನಗೆ ಬರುವುದಿಲ್ಲ, ಸರ್ಕಿಟ್ ಕಲಿಯುವವರು ಯಾರಾದರೂ ಬರಬಹುದು ಎಂದು ಮೊದಲ ದಿನವೇ ಹೇಳಿಬಿಟ್ಟರು. ಊರವರು ನಕ್ಕರು. ಆಮೇಲೆ ತಮ್ಮ ತಮ್ಮ ಕೆಟ್ಟ ರೇಡಿಯೊ ಹಿಡಿದುಕೊಂಡು ಬಂದರು.

ಕಲಿಯಲು ಬಂದು ಉಳಿದವಳು ಒಬ್ಬಳೇ, ಸಾವಂತ್ರಿ. ಮೂವತ್ತೈದರ ಹೆಂಗಸು. ಹಾವೇರಿಯಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿ ದುಡಿದವಳು. ಕೈ ಚುರುಕು, ತಾಳ್ಮೆ ಕಡಿಮೆ.

ಬಂದ ಮೊದಲ ವಾರವೇ ಅವಳು ಒಂದು ಮೆಮೊರಿ ಕಾರ್ಡನ್ನು ಸುಟ್ಟಳು.

"ಅಜ್ಜಾರ, ಇದು ಸತ್ತೇ ಹೋತೇನ್ರಿ?"

ಅಡಿವೆಯ್ಯನವರು ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದು ಮೂರು ಚಿಲ್ಲರೆ ವೋಲ್ಟಿನ್ಯಾಗ ಮಾತಾಡೋ ಜೀವ. ನಿನ್ನ ಬೋರ್ಡು ಐದು ವೋಲ್ಟಿಂದು. ನಡುವ ಯಾರನ್ನ ಇಟ್ಟಿದ್ದಿ?"

"ಯಾರನ್ನೂ ಇಟ್ಟಿಲ್ರಿ. ನೇರ ತಂತಿ ಕೊಟ್ಟೆ."

"ಹಂಗಾರ ಕಿವಿಯಾಗ ಬಾಯಿ ಇಟ್ಟು ಕೂಗಿದಿ. ಕಿವಿ ಹೋತು."

ಅಷ್ಟೇ ಹೇಳಿ ಅವರು ಕಪಾಟಿನಿಂದ ಮೂರು ತಗಡಿನ ಡಬ್ಬಿ ಇಳಿಸಿದರು. ಮೂರರಲ್ಲೂ ಇದ್ದದ್ದು ಒಂದೇ ಕೆಲಸದ ಚಿಪ್‌ಗಳು. ಸಣ್ಣ ವೋಲ್ಟಿನ ಮಾತನ್ನು ದೊಡ್ಡ ವೋಲ್ಟಿಗೆ, ದೊಡ್ಡದನ್ನು ಸಣ್ಣದಕ್ಕೆ ದಾಟಿಸುವಂಥವು.

"ಇದರಾಗ ಯಾವುದು ಛಲೋ ಅಜ್ಜಾರ?"

"ಯಾವ ಔಷಧ ಛಲೋ ಅಂತ ಕೇಳಿದಂಗಾತು. ರೋಗ ಹೇಳು ಮೊದಲ."

ಮೊದಲ ಡಬ್ಬಿಯಲ್ಲಿ ಮೂರು ಕಾಲಿನ ಪುಟ್ಟ ಟ್ರಾನ್ಸಿಸ್ಟರುಗಳಿದ್ದವು. ಒಂದೇ ತಂತಿಯ ಮೇಲೆ ಇಬ್ಬರೂ ಮಾತಾಡುವ ಕಡೆ ಅವು. ನಿಧಾನದ ಮಾತಿಗೆ ಸರಿ, ಅವಸರದ ಮಾತು ಅವುಗಳಲ್ಲಿ ಕಲಸಿಹೋಗುತ್ತದೆ.

ಎರಡನೆಯ ಡಬ್ಬಿಯಲ್ಲಿ ಇಪ್ಪತ್ತು ಕಾಲಿನ ಕಪ್ಪು ಚಿಪ್‌ಗಳು. ಇವುಗಳಿಗೆ ಮೊದಲೇ ದಿಕ್ಕು ಗೊತ್ತುಮಾಡಿ ಕೊಡಬೇಕು. ಹೇಳುವವರು ಯಾರು, ಕೇಳುವವರು ಯಾರು ಎಂದು ಒಂದು ಕಾಲಿಗೆ ತಂತಿ ಕಟ್ಟಿ ತಿಳಿಸಬೇಕು. ತಿಳಿಸಿದರೆ ಮುಗಿಯಿತು, ಎಷ್ಟು ದೂರಕ್ಕಾದರೂ ಗಟ್ಟಿಯಾಗಿ ಮುಟ್ಟಿಸುತ್ತವೆ.

ಮೂರನೆಯ ಡಬ್ಬಿಯ ಮುಚ್ಚಳವನ್ನು ಅವರು ಅರ್ಧ ಮಾತ್ರ ತೆಗೆದರು.

"ಇವಕ್ಕ ದಿಕ್ಕು ಹೇಳೋದು ಬ್ಯಾಡ. ಯಾರು ಮಾತಾಡಾಕತ್ತಾರ ಅಂತ ತಾವ ಊಹಿಸ್ತಾವು."

"ಇದು ಭಾರಿ ಛಲೋ ಅಲ್ಲೇನ್ರಿ?"

"ಊಹಿಸೋರ ಜೋಡಿ ಬದುಕಿ ನೋಡಿಯೇನು?"

ಸಾವಂತ್ರಿ ನಕ್ಕಳು. "ಹನ್ನೊಂದು ವರ್ಷ ನೋಡೀನ್ರಿ. ಅದಕ್ಕ ಇಲ್ಲಿಗೆ ಬಂದೀನಿ."

ಅವರು ನಗಲಿಲ್ಲ. ಮುಚ್ಚಳ ಹಾಕಿ ಡಬ್ಬಿಯನ್ನು ಕಪಾಟಿನ ಹಿಂಬದಿಗೆ ತಳ್ಳಿದರು.

"ತಂತಿ ಗೇಣುದ್ದ ಇದ್ದಾಗ ಇದರ ಊಹೆ ಸರಿ ಇರತೈತಿ. ತಂತಿ ಉದ್ದ ಆದ್ರ ಇದಕ್ಕ ಗಲಿಬಿಲಿ. ತಾನು ಹೇಳಿದ್ದನ್ನ ತಾನ ಕೇಳಿಸಿಕೊಂಡು ಕೂಡತೈತಿ."

ಆ ಕಾರ್ಯಾಗಾರದಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಏನೇ ಕಟ್ಟಿದರೂ ಕರೆಂಟ್ ಕೊಡುವ ಮುಂಚೆ ಒಂದೊಂದು ತಂತಿಯ ಮೇಲೂ ಬೆರಳಿಟ್ಟು ಬಾಯಿಬಿಟ್ಟು ಹೇಳಬೇಕು. ಇದು ಹೇಳತೈತಿ, ಇದು ಕೇಳತೈತಿ. ಹದಿನಾರು ತಂತಿ ಇದ್ದರೆ ಹದಿನಾರು ಸಲ.

ಸಾವಂತ್ರಿಗೆ ಇದು ತಲೆನೋವು. ಮಗ್ಗಿ ಒಪ್ಪಿಸುವ ಮಕ್ಕಳಂತೆ ಗಡಗಡ ಹೇಳಿ ಮುಗಿಸುತ್ತಿದ್ದಳು. ಅಡಿವೆಯ್ಯನವರು ಮಾತ್ರ ಪ್ರತಿ ಸಲವೂ ನಿಧಾನವಾಗಿ, ಬೆರಳು ಒತ್ತಿ ಹೇಳುತ್ತಿದ್ದರು.

"ಮೂವತ್ತು ವರ್ಷದ ಮ್ಯಾಲ ತಂತಿ ಹಿಡಿದೀರಿ. ನಿಮಗ್ಯಾಕ ಬೇಕ್ರಿ ಇದು?"

"ಗೊತ್ತೈತಿ ಅನ್ನಿಸಿದ ದಿನ ಇನ್ನೂ ಜೋರಾಗಿ ಹೇಳಬೇಕು."

ಹೀಗೆ ಆರು ವರ್ಷ ಕಳೆದವು.

ಏಳನೆಯ ವರ್ಷದ ಮಾಘದಲ್ಲಿ ಒಂದು ಬೆಳಿಗ್ಗೆ ಅಡಿವೆಯ್ಯನವರು ನದಿಯ ಮೆಟ್ಟಿಲ ಮೇಲೆ ಬಿದ್ದರು. ಬಲಗೈ ಹೋಯಿತು, ಬಲಗಾಲು ಹೋಯಿತು. ನಾಲಿಗೆಯೂ ಹೋಯಿತು. ಆಸ್ಪತ್ರೆಯಿಂದ ವಾಪಸು ಕಳಿಸುವಾಗ ಡಾಕ್ಟರು ಸಾವಂತ್ರಿಯನ್ನು ಪಕ್ಕಕ್ಕೆ ಕರೆದು ಹೇಳಿದರು. ದಿನಗಳೋ ತಿಂಗಳೋ ಹೇಳಲಾಗದು, ವರ್ಷವಂತೂ ಅಲ್ಲ.

ಅವಳು ಮಂಚದ ಬದಿಯಲ್ಲಿ ಕೂತು ಕಣ್ಣೀರು ಸುರಿಸಿದಳು. ಅವರು ಎಡಗೈಯ ಹೆಬ್ಬೆರಳನ್ನು ಎತ್ತಿ ತೋರಿಸಿದರು. ಅದೊಂದು ಇನ್ನೂ ಮಾತು ಕೇಳುತ್ತಿತ್ತು.

ಒಂದು ಹೆಬ್ಬೆರಳು ಸಾಕಿತ್ತು. ಸಾವಂತ್ರಿ ಹಳೆಯ ಮೊಬೈಲಿನಂಥ ಹನ್ನೆರಡು ಗುಂಡಿಯ ಹಲಗೆ ಮಾಡಿದಳು. ಯಾವ ಗುಂಡಿ ಎಷ್ಟು ಸಲ ಒತ್ತಿದರೆ ಯಾವ ಅಕ್ಷರ ಎಂದು ಅದರೊಳಗೆ ಬರೆದಿಟ್ಟಳು. ಅದರೊಳಗಿನ ಬೋರ್ಡು ಮೂರು ಚಿಲ್ಲರೆ ವೋಲ್ಟಿನದು. ಅಕ್ಷರ ತೋರಿಸಲು ಗುಜರಿಯಿಂದ ಬಂದ ಬಸ್ಸಿನ ಕೆಂಪು ದೀಪದ ಫಲಕವಿತ್ತು. ಅದು ಐದು ವೋಲ್ಟಿನದು. ನಡುವೆ ಒಂದು ಚಿಪ್ ಬೇಕು.

ಎರಡನೆಯ ಡಬ್ಬಿ ಕಪಾಟಿನ ಮುಂದೆಯೇ ಇತ್ತು. ಆದರೆ ಅದಕ್ಕೆ ದಿಕ್ಕಿನ ಕಾಲು ಕಟ್ಟಬೇಕು, ಕಾಲುಗಳ ನಕ್ಷೆ ಹುಡುಕಬೇಕು, ಅರ್ಧ ತಾಸು ಹೋಗುತ್ತದೆ. ಅವರು ಮಾತಿಲ್ಲದೆ ಮಲಗಿ ಹತ್ತು ದಿನವಾಗಿತ್ತು. ಇನ್ನು ಅರ್ಧ ತಾಸು ಕಾಯಲು ಅವಳಿಂದ ಆಗಲಿಲ್ಲ.

ಅವಳು ಕೈ ಹಿಂದಕ್ಕೆ ಚಾಚಿ ಮೂರನೆಯ ಡಬ್ಬಿ ತೆಗೆದಳು. ತಂತಿಗಳ ಮೇಲೆ ಬೆರಳಿಟ್ಟು ಹೇಳುವುದನ್ನೂ ಬಿಟ್ಟಳು. ಹೇಗೂ ಇದು ತಾನೇ ಊಹಿಸುವ ಚಿಪ್, ಹೇಳುವುದೇನಿದೆ?

ಫಲಕವನ್ನು ಮಂಚದ ಎಡಬದಿಗೆ, ಕೈಗೆ ಹತ್ತಿರವೇ ನಿಲ್ಲಿಸಿದಳು. ಗುಂಡಿ ಹಲಗೆ ಎಡಗೈ ಕೆಳಗಿಟ್ಟಳು. ಅಡುಗೆಯ ತಾಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು.

ಹೆಬ್ಬೆರಳು ಬಹಳ ಹೊತ್ತು ತಡಕಾಡಿತು. ಫಲಕದ ಮೇಲೆ ಕೆಂಪು ಅಕ್ಷರ ಒಂದೊಂದಾಗಿ ಮೂಡಿದವು.

"ಸಾರಿಗೆ ಉಪ್ಪಿಲ್ಲ."

ತಾಯವ್ವ ನಗುತ್ತ ಅಳುತ್ತ ಅಡುಗೆಮನೆಗೆ ಓಡಿದಳು. ಸಾವಂತ್ರಿಗೆ ಆ ಹೊತ್ತಿನಲ್ಲಿ ಆದ ಸಂತೋಷ ಆರು ವರ್ಷದಲ್ಲಿ ಎಂದೂ ಆಗಿರಲಿಲ್ಲ.

ಐದು ದಿನ ಅವರು ಹಾಗೆ ಮಾತಾಡಿದರು. ಗೇಣುದ್ದದ ತಂತಿ, ಚಿಪ್ ಒಮ್ಮೆಯೂ ತಪ್ಪಲಿಲ್ಲ.

ನಾಲ್ಕನೆಯ ದಿನ ಸಾವಂತ್ರಿ ಕೇಳಿದಳು, "ನೋವು ಐತೇನ್ರಿ ಅಜ್ಜಾರ?"

"ಐತಿ."

"ಹೆದರಿಕಿ?"

ಫಲಕ ಬಹಳ ಹೊತ್ತು ಖಾಲಿ ಇತ್ತು. ಇಲ್ಲ ಎಂದು ಬರುತ್ತದೆ ಎಂದೇ ಅವಳು ಕಾಯುತ್ತಿದ್ದಳು. ಗುರುಗಳಲ್ಲವೇ, ಅವರಿಗೆಂಥ ಹೆದರಿಕೆ?

"ಐತಿ" ಎಂದು ಬಂತು.

ಸಾವಂತ್ರಿ ಮಂಚದ ಹತ್ತಿರ ಸರಿದಳು. "ನಾ ಏನು ಮಾಡ್ಲಿ?"

"ಕರೆದಾಗ ಬಾ."

"ಬರ್ತೀನ್ರಿ. ಎಲ್ಲಿದ್ರೂ ಬರ್ತೀನಿ."

ಮರುದಿನ ಫಲಕದ ಮೇಲೆ ಬೇರೆ ಮಾತು ಮೂಡಿತು. "ಕೆಲಸ ಬಿಟ್ಟು ಕೂಡಬ್ಯಾಡ. ಹೋಗು."

ಕಾರ್ಯಾಗಾರದಲ್ಲಿ ಕೆಲಸ ಬೆಟ್ಟದಷ್ಟು ಬಿದ್ದಿತ್ತು ನಿಜ. ಕುರುಡು ಮಕ್ಕಳ ಶಾಲೆಗೆಂದು ಒಪ್ಪಿಕೊಂಡಿದ್ದ ಮಾತಾಡುವ ಗಡಿಯಾರಗಳು ಅರ್ಧಕ್ಕೆ ನಿಂತಿದ್ದವು. ಆದರೆ ಅಂಗಳದ ಆಚೆ ಕೂತರೆ ಅವರು ಕರೆದದ್ದು ತಿಳಿಯುವುದು ಹೇಗೆ?

ಸಾವಂತ್ರಿ ಉಪಾಯ ಮಾಡಿದಳು. ಫಲಕವನ್ನು ಎತ್ತಿಕೊಂಡು ಹೋಗಿ ಕಾರ್ಯಾಗಾರದ ಗೋಡೆಗೆ, ತನ್ನ ಮೇಜಿನ ಎದುರಿಗೇ ತೂಗುಹಾಕಿದಳು. ಮಂಚದಿಂದ ಅಲ್ಲಿಯ ತನಕ ನಲವತ್ತು ಅಡಿ ತಂತಿ ಎಳೆದಳು. ಅಂಗಳ ದಾಟಿ ಕೂಗಿದಳು, "ಒಂದು ಗುಂಡಿ ಒತ್ರೀ!"

ಫಲಕದ ಮೇಲೆ ಒಂದು ಅಕ್ಷರ ಬಂತು. ಒಂದೇ ಒಂದು. ಅವಳಿಗೆ ಅಷ್ಟು ಸಾಕೆನಿಸಿತು.

ಹೋಗುವ ಮುಂಚೆ ಅವರ ಹೊದಿಕೆ ಸರಿಮಾಡಲು ಬಂದಳು. ಅಡಿವೆಯ್ಯನವರ ಎಡಗೈ ಗುಂಡಿ ಹಲಗೆ ಬಿಟ್ಟು ಕೆಳಗೆ ಸರಿದಿತ್ತು. ಹೆಬ್ಬೆರಳು ಹೊಸ ತಂತಿಯ ಮೇಲಿತ್ತು. ಅವರು ತಂತಿಯನ್ನು ಒತ್ತಿ ಹಿಡಿದು ಅವಳ ಮುಖವನ್ನೇ ನೋಡಿದರು.

ಬಿಟ್ಟು ಹೋಗಬೇಡ ಎನ್ನುತ್ತಿದ್ದಾರೆ ಎಂದು ಅವಳು ತಿಳಿದಳು.

"ಇಲ್ಲೇ ಇರ್ತೀನಲ್ಲ ಅಜ್ಜಾರ. ನೀವು ಕರೀರಿ, ಓಡಿ ಬರ್ತೀನಿ." ಎಂದು ಅವರ ಕೈಯನ್ನು ಎತ್ತಿ ಮತ್ತೆ ಹಲಗೆಯ ಮೇಲಿಟ್ಟು ಹೊರಟಳು.

ತಾಯವ್ವ ಅವತ್ತು ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಳು. ಅಲ್ಲಿ ಕರೆಂಟ್ ಇಲ್ಲವೆಂದು ಬಹಳ ತಡವಾಯಿತು.

ಮಧ್ಯಾಹ್ನವಿಡೀ ಸಾವಂತ್ರಿ ಗಡಿಯಾರ ಬೆಸೆದಳು. ಐದು ನಿಮಿಷಕ್ಕೊಮ್ಮೆ ತಲೆಯೆತ್ತಿ ಫಲಕ ನೋಡಿದಳು. ಫಲಕ ಕಪ್ಪಗಿತ್ತು. ಒಳ್ಳೆಯ ನಿದ್ದೆ ಬಂದಿದೆ ಎಂದುಕೊಂಡಳು. ಎಬ್ಬಿಸಬಾರದು ಎಂದು ಒಂದು ಸಲವೂ ಅಂಗಳ ದಾಟಲಿಲ್ಲ. ನಾಲ್ಕು ಗಡಿಯಾರ ಮುಗಿದವು. ಅವತ್ತು ಅವಳ ಮನಸ್ಸು ಹಗುರವಾಗಿತ್ತು, ಇದನ್ನು ನೆನೆದು ಅವಳು ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡಳೋ ಲೆಕ್ಕವಿಲ್ಲ.

ಸಂಜೆ ದೀಪ ಹಚ್ಚಲು ಹೋದಾಗ ನದಿಯ ಮೇಲೆ ಇನ್ನೂ ಬಿಸಿಲಿತ್ತು. ಅಡಿವೆಯ್ಯನವರು ಹೋಗಿಬಿಟ್ಟಿದ್ದರು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಮುಖ ಬಾಗಿಲ ಕಡೆಗಿತ್ತು.

ಗುಂಡಿ ಹಲಗೆಯ ಮೂಲೆಯಲ್ಲಿ ಹಸಿರು ದೀಪವೊಂದು ಮಿನುಗುತ್ತಿತ್ತು. ಅದನ್ನು ಕಟ್ಟಿದವಳೇ ಅವಳು. ಅದರ ಅರ್ಥ ಅವಳಿಗಷ್ಟೇ ಗೊತ್ತಿತ್ತು. ಫಲಕಕ್ಕೆ ಮುಟ್ಟದ ಮಾತುಗಳು ಒಳಗೆ ಉಳಿದಿವೆ, ಅವು ಮುಗಿಯುವ ತನಕ ದೀಪ ಆರುವುದಿಲ್ಲ.

ನದಿಯ ದಂಡೆಯಲ್ಲೇ ಅವರನ್ನು ಮಣ್ಣು ಮಾಡಿದರು. ಬಂದವರು ಬಂದರು, ಹೋದವರು ಹೋದರು. ಮೂರನೆಯ ದಿನಕ್ಕೆ ಆಶ್ರಮದಲ್ಲಿ ಉಳಿದವರು ಇಬ್ಬರೇ ಹೆಂಗಸರು.

ಸಾವಂತ್ರಿ ಗುಂಡಿ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟಿದ್ದಳು.

ತಾಯವ್ವ ಕೇಳಿದಳು, "ಅದರಾಗ ಅಜ್ಜಾರ ಮಾತು ಅದಾವಂತಲ್ಲ?"

"ಹೂಂ."

"ಓದು ಮತ್ತ."

"ನನ್ನ ಕೈಲೆ ಆಗಂಗಿಲ್ಲ ಯವ್ವಾ."

"ಯಾಕ?"

ಸಾವಂತ್ರಿ ಗೋಡೆಗೆ ಒರಗಿ ಕೂತಳು. "ಅವರು ಕರೆದಾರ. ನಾ ಹೋಗಿಲ್ಲ. ಫಲಕ ಕೆಟ್ಟಿದ್ದು ಅವರಿಗೆ ಹೆಂಗ ಗೊತ್ತಾಗಬೇಕು? ಆಕಿ ಅಲ್ಲೇ ಕುಂತಾಳ, ನೋಡ್ಯಾಳ, ಬರವಲ್ಲಳು ಅಂತ ತಿಳ್ಕೊಂಡು ಹೋಗಿದ್ರ? ಅದನ್ನ ಅಲ್ಲಿ ಬರೆದಿದ್ರ? ಅದನ್ನ ಓದಿ ನಾ ಹೆಂಗ ಬದುಕಲಿ?"

ತಾಯವ್ವ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಕೂತಳು.

ಆಮೇಲೆ ತಾಯವ್ವ ಅಂದಳು, "ಅವರು ಹೇಳಿದ್ದನ್ನ ಒಮ್ಮೆ ಕೇಳದ ಬಿಟ್ಟೀವಿ. ಎರಡನೇ ಸಲನೂ ಬಿಡೋಣೇನು?"

ಈ ಮಾತು ಸಾವಂತ್ರಿಗೆ ನಾಟಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ ಕಾರ್ಯಾಗಾರದ ಬಾಗಿಲು ತೆಗೆದಳು. ಹಲಗೆಯನ್ನು ಮೇಜಿನ ಮೇಲಿಟ್ಟಳು. ಮೊದಲು ತಂತಿಯ ಎರಡೂ ತುದಿಗೆ ಮೀಟರು ಹಿಡಿದು ನೋಡಿದಳು. ಹಲಗೆಯ ಕಡೆ ಮಾತು ಸರಿಯಾಗಿ ಹೊರಡುತ್ತಿತ್ತು. ಚಿಪ್‌ನ ಆಚೆ ಬರೀ ನಡುಕ. ನಲವತ್ತು ಅಡಿ ತಂತಿಯ ಭಾರಕ್ಕೆ ಅದರ ಶಕ್ತಿ ಸಾಲದೆ, ಯಾರು ಹೇಳುವವರು ಯಾರು ಕೇಳುವವರು ಎಂಬುದೇ ಅದಕ್ಕೆ ತಿಳಿಯದಾಗಿತ್ತು. ಆರು ವರ್ಷದ ಹಿಂದೆ ಅಜ್ಜಾರು ಇದನ್ನೇ ಎದುರಿಗೆ ಕೂತು ಹೇಳಿದ್ದರು.

ಆ ಹೊಸ ತಂತಿಯ ಮೇಲೆ ಅವರು ಹೆಬ್ಬೆರಳು ಒತ್ತಿ ಹಿಡಿದದ್ದು ಏಕೆಂದು ಅವಳಿಗೆ ಆಗ ಹೊಳೆಯಿತು. ದಿಕ್ಕು ಹೇಳು ಎಂದು ಕೇಳಿದ್ದರು. ಅವಳು ಅವರ ಕೈ ಎತ್ತಿ ಪಕ್ಕಕ್ಕಿಟ್ಟಿದ್ದಳು.

ಅವಳು ಮೇಜಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ತಾಯವ್ವ ಬಂದು ನಿಂತಳು, ಸುಮ್ಮನಿರು ಎನ್ನಲಿಲ್ಲ.

ಫಲಕವನ್ನು ಹತ್ತಿರ ತಂದು ಗೇಣುದ್ದದ ತಂತಿ ಕೊಟ್ಟರೆ ಆ ಚಿಪ್‌ನಲ್ಲೇ ಎಲ್ಲವನ್ನೂ ಓದಬಹುದಿತ್ತು. ಅವಳಿಗೆ ಮನಸ್ಸಾಗಲಿಲ್ಲ. ಅದನ್ನು ಬಿಡಿಸಿ ತೆಗೆದಳು. ಎರಡನೆಯ ಡಬ್ಬಿಯಿಂದ ಇಪ್ಪತ್ತು ಕಾಲಿನದೊಂದನ್ನು ಆರಿಸಿ, ನಕ್ಷೆ ಹುಡುಕಿ, ದಿಕ್ಕಿನ ಕಾಲಿಗೆ ತಂತಿ ಕಟ್ಟಿದಳು. ಅರ್ಧ ತಾಸು ಹಿಡಿಯಿತು. ಬರೀ ಅರ್ಧ ತಾಸು.

ಆಮೇಲೆ ಬೆರಳಿಟ್ಟು ಹೇಳತೊಡಗಿದಳು.

"ಇದು ಹೇಳತೈತಿ. ಇದು ಕೇಳತೈತಿ."

ಎಂಟು ತಂತಿ, ಎಂಟು ಸಲ. ಎಂಟನೆಯದರ ಮೇಲೆ ಬೆರಳು ಒತ್ತಿ ಹಿಡಿದಳು. ಹಿಡಿದೇ ಮತ್ತೆ ಹೇಳಿದಳು.

"ಅಜ್ಜಾರು ಹೇಳ್ತಾರ. ನಾ ಕೇಳ್ತೀನಿ."

ನಲವತ್ತು ಅಡಿ ತಂತಿಯನ್ನು ಇದ್ದಂತೆಯೇ ಬಿಟ್ಟು, ಹಲಗೆಯನ್ನು ಖಾಲಿ ಮಂಚದ ಮೇಲೆ ಅದರ ಜಾಗದಲ್ಲೇ ಇಟ್ಟು ಬಂದಳು. ಕರೆಂಟ್ ಕೊಟ್ಟಳು. ತಾಯವ್ವನಿಗೆ ಓದು ಬರುತ್ತಿರಲಿಲ್ಲ. ಮೂಡಿದ ಒಂದೊಂದನ್ನೂ ಸಾವಂತ್ರಿಯೇ ಅವಳಿಗಾಗಿ ಓದಿದಳು.

"ನೀರು."

"ಸಾವಂತ್ರಿ ನೀರು."

"ಬಾ."

"ಬಾ."

ಅವಳು ಮೇಜಿನ ಅಂಚು ಹಿಡಿದಳು. ಬಾ ಎಂಬುದು ಏಳು ಸಲ ಬಂತು. ಏಳನ್ನೂ ಓದಿದಳು. ಒಂದನ್ನೂ ನುಂಗಲಿಲ್ಲ.

"ಹೆದರಿಕಿ."

ತಾಯವ್ವ ಸೆರಗು ಬಾಯಿಗೊತ್ತಿಕೊಂಡಳು. ಫಲಕ ಕಪ್ಪಾಯಿತು. ಅಷ್ಟೇ ಇರಬೇಕು ಎಂದು ಸಾವಂತ್ರಿ ಸ್ವಿಚ್ಚಿನ ಕಡೆ ಕೈ ಚಾಚಿದಳು. ಹಲಗೆಯಲ್ಲಿ ಹಸಿರು ದೀಪ ಆರಿತೋ ಇಲ್ಲವೋ ನೋಡಲು ತಾಯವ್ವ ಅಂಗಳ ದಾಟಿ ಹೋದಳು.

"ಇನ್ನೂ ಮಿನುಗಾಕತ್ತೈತಿ!" ಎಂದು ಅಲ್ಲಿಂದ ಕೂಗಿದಳು.

ಸಾವಂತ್ರಿ ಕೈ ಹಿಂದಕ್ಕೆ ತೆಗೆದುಕೊಂಡಳು. ಫಲಕದ ಮೇಲೆ ಅಕ್ಷರಗಳು ಒಂದೊಂದಾಗಿ, ಬಹಳ ನಿಧಾನವಾಗಿ ಮೂಡತೊಡಗಿದವು. ನಡುವೆ ಒಂದೆರಡು ತಪ್ಪು ಗುಂಡಿ ಒತ್ತಿ, ಅಳಿಸಿ, ಮತ್ತೆ ಒತ್ತಿದ್ದರು.

"ಕೇಳಿಸಿದ್ರ ನೀ ಬರ್ತಿದ್ದಿ. ಚಿಪ್ ಬದಲಿಸು."